ಅನುಕ್ತಜ್ಞಾನ: ಮೈಕೇಲ್ ಪೊಲಾನ್ಯಿಯವರ ದರ್ಶನದಲ್ಲಿ ಅರಿವು, ವಿಜ್ಞಾನ ಮತ್ತು ಕಲೆ

ಅರಿವು ಎಂಬ ಶಬ್ದಕ್ಕೆ ಶರಣಸಾಹಿತ್ಯದಲ್ಲಿ ವಿಶಿಷ್ಟವಾದ ಸ್ಥಾನವಿದೆ. ಓದಿನಿಂದ ಬಂದ ತಿಳಿವಳಿಕೆಯನ್ನೂ ಬಾಳಿ ಕಂಡುಕೊಂಡ ತಿಳಿವಳಿಕೆಯನ್ನೂ ಶರಣರು ಒಂದೇ ತಕ್ಕಡಿಯಲ್ಲಿಟ್ಟು ತೂಗಲಿಲ್ಲ. ಪಾಶ್ಚಾತ್ಯ ತತ್ತ್ವಶಾಸ್ತ್ರವಾದರೋ ಹದಿನೇಳನೆಯ ಶತಮಾನದ ಡೆಕಾರ್ಟನಿಂದೀಚೆಗೆ ಬಹುಮಟ್ಟಿಗೆ ಬೇರೊಂದು ದಾರಿಯನ್ನು ಹಿಡಿಯಿತು. ಸಂಶಯದ ಸಾಣೆಗೆ ಹಿಡಿದು, ಸ್ಪಷ್ಟವಾದ ಮಾತಿನಲ್ಲಿ ನಿರೂಪಿಸಿ, ಯಾರು ಬೇಕಾದರೂ ಪರೀಕ್ಷಿಸಿ ಒಪ್ಪುವಂತೆ ಸಾಧಿಸಿ ತೋರಿಸಬಹುದಾದುದಷ್ಟೇ ಜ್ಞಾನ. ಉಳಿದುದೆಲ್ಲ ಅಭಿಪ್ರಾಯ, ಅಭಿರುಚಿ ಅಥವಾ ಭಾವಾವೇಶ ಎಂಬ ನಿಲುವು ಅಲ್ಲಿ ಬೇರೂರಿತು. ಈ ನಿಲುವಿನ ಪ್ರಕಾರ ವಿಜ್ಞಾನ ಜ್ಞಾನದ ಮೇಲ್ಪಂಕ್ತಿಯಾದರೆ, ಕಲೆ ಮತ್ತು ಧರ್ಮಗಳು ಜ್ಞಾನದ ಅಂಗಳದ ಹೊರಗೆ ನಿಂತವು.

ಇದನ್ನು ಪ್ರಶ್ನಿಸಿದವರು ಅನೇಕರು. ಕವಿಗಳು ಪ್ರಶ್ನಿಸಿದರು, ಧರ್ಮಶಾಸ್ತ್ರಜ್ಞರು ಪ್ರಶ್ನಿಸಿದರು. ಆದರೆ ಅವರ ಮಾತನ್ನು ಹೊರಗಿನವರ ಆಕ್ಷೇಪವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಹಂಗೇರಿಯಲ್ಲಿ ಹುಟ್ಟಿದ ಮೈಕೇಲ್ ಪೊಲಾನ್ಯಿಯವರ (೧೮೯೧–೧೯೭೬) ವಿಷಯದಲ್ಲಿ ಹಾಗೆ ಮಾಡಲು ಬರುವಂತಿರಲಿಲ್ಲ. ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರಯೋಗಶಾಲೆಯಲ್ಲಿ ದುಡಿದ ರಸಾಯನವಿಜ್ಞಾನಿ. ವಿಜ್ಞಾನವನ್ನು ಉಳಿಸಿಕೊಳ್ಳಬೇಕೆಂಬ ಕಳಕಳಿಯಿಂದಲೇ ಅವರು ತತ್ತ್ವಶಾಸ್ತ್ರಕ್ಕೆ ಬಂದರು ಎಂಬುದು ಗಮನಾರ್ಹ.

ಪೊಲಾನ್ಯಿಯವರು ಜನಿಸಿದ್ದು ೧೮೯೧ರ ಮಾರ್ಚ್ ೧೧ರಂದು, ಬುಡಾಪೆಸ್ಟ್ ನಗರದ ಒಂದು ಯೆಹೂದಿ ಕುಟುಂಬದಲ್ಲಿ. ತಂದೆ ರೈಲ್ವೆಯ ಕೆಲಸದಲ್ಲಿದ್ದ ಇಂಜಿನಿಯರು. ಅರ್ಥಶಾಸ್ತ್ರದ ಇತಿಹಾಸಕಾರ ಕಾರ್ಲ್ ಪೊಲಾನ್ಯಿ ಇವರ ಅಣ್ಣ. ಮೈಕೇಲರು ಮೊದಲು ಓದಿದ್ದು ವೈದ್ಯಶಾಸ್ತ್ರವನ್ನು. ೧೯೧೩ರಲ್ಲಿ ಪದವಿ ಪಡೆದರು. ಅಷ್ಟರಲ್ಲಿಯೇ ಅವರು ಉಷ್ಣಗತಿವಿಜ್ಞಾನವನ್ನು ಕುರಿತು ಬರೆದ ಲೇಖನವೊಂದನ್ನು ಜರ್ಮನಿಯ ಪ್ರಾಧ್ಯಾಪಕರೊಬ್ಬರು ಐನ್‌ಸ್ಟೈನರಿಗೆ ಕಳುಹಿಸಿದ್ದರು. ಐನ್‌ಸ್ಟೈನರು ಮೆಚ್ಚಿ ಬರೆದ ಉತ್ತರ ತರುಣ ವೈದ್ಯನನ್ನು ವಿಜ್ಞಾನದತ್ತ ತಿರುಗಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಅವರು ಆಸ್ಟ್ರಿಯಾ-ಹಂಗೇರಿಯ ಸೈನ್ಯದ ವೈದ್ಯಾಧಿಕಾರಿಯಾಗಿದ್ದರು. ಆ ಅವಧಿಯಲ್ಲಿಯೇ ಸಿದ್ಧವಾದ ಒಂದು ಸಿದ್ಧಾಂತ ಮುಂದೆ ಅವರ ತತ್ತ್ವಚಿಂತನೆಗೆಲ್ಲ ಬೀಜವಾಯಿತು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಇದ್ದಿಲಿನಂಥ ಘನಪದಾರ್ಥದ ಮೇಲ್ಮೈಗೆ ಅನಿಲದ ಕಣಗಳು ಅಂಟಿಕೊಳ್ಳುತ್ತವೆ. ಇದಕ್ಕೆ ಅಧಿಶೋಷಣೆಯೆಂದು ಹೆಸರು. ಮೇಲ್ಮೈಯ ಆಕರ್ಷಣೆ ಸ್ವಲ್ಪ ದೂರದವರೆಗೆ ಹಬ್ಬಿರುತ್ತದೆ, ಅದರ ಬಲ ದೂರವನ್ನು ಮಾತ್ರ ಅವಲಂಬಿಸಿರುತ್ತದೆ, ನಡುವೆ ಬೇರೆ ಕಣಗಳಿದ್ದರೂ ಅದು ಕುಂದುವುದಿಲ್ಲ, ಆದುದರಿಂದ ಅನಿಲ ಅಲ್ಲಿ ಪದರಪದರವಾಗಿ ಒತ್ತೊತ್ತಾಗಿ ನೆಲಸುತ್ತದೆ ಎಂದು ಪೊಲಾನ್ಯಿಯವರು ೧೯೧೪ರಿಂದ ೧೯೧೬ರ ನಡುವೆ ಪ್ರತಿಪಾದಿಸಿದರು. ಆದರೆ ಅದೇ ಕಾಲದಲ್ಲಿ ಪರಮಾಣುಗಳ ನಡುವಣ ಬಲಗಳೆಲ್ಲ ವಿದ್ಯುತ್ ಸ್ವರೂಪದವು ಎಂಬ ತಿಳಿವು ಬಲವಾಗುತ್ತಿತ್ತು. ಅಂಥ ಬಲ ಅಷ್ಟು ದೂರ ಚಾಚುವುದು ಸಾಧ್ಯವಿಲ್ಲವೆಂದೂ, ಅಂಟುವುದು ಒಂದೇ ಪದರವೆಂದೂ ಅಮೆರಿಕದ ಲಾಂಗ್‌ಮ್ಯೂರರು ಹೇಳಿದರು, ವಿದ್ವಲ್ಲೋಕ ಒಪ್ಪಿತು. ಬರ್ಲಿನಿನಲ್ಲಿ ಹಾಬರ್ ಮತ್ತು ಐನ್‌ಸ್ಟೈನರ ಎದುರಿಗೆ ಪೊಲಾನ್ಯಿಯವರು ತಮ್ಮ ಸಿದ್ಧಾಂತವನ್ನು ಮಂಡಿಸಿದಾಗ, ವಸ್ತುವಿನ ರಚನೆಯನ್ನೇ ಅರಿಯದವರ ಮಾತು ಇದು ಎಂಬ ರೀತಿಯ ತಿರಸ್ಕಾರ ಅವರ ಪಾಲಿಗೆ ಬಂತು. ಒಮ್ಮೆ ಬೆನ್ನು ತಟ್ಟಿದ ಕೈಯೇ ಈಗ ತಡೆಯಿತು.

೧೯೩೦ರಲ್ಲಿ ಫ್ರಿಟ್ಸ್ ಲಂಡನ್ ಅವರ ಹೊಸ ಕ್ವಾಂಟಮ್ ಗಣಿತದ ನೆರವಿನಿಂದ ಪೊಲಾನ್ಯಿಯವರ ಊಹೆ ಸಮರ್ಥನೆ ಪಡೆಯಿತು. ಆದರೂ ಅದು ವಿದ್ವಾಂಸರ ಮನ್ನಣೆಗೆ ಬರಲು ಮತ್ತೆ ಬಹುಕಾಲ ಹಿಡಿಯಿತು. ತಮ್ಮದೇ ಸಿದ್ಧಾಂತವನ್ನು ಅವರು ತಮ್ಮ ವಿದ್ಯಾರ್ಥಿಗಳಿಗೆ ಬೋಧಿಸಲಿಲ್ಲ. ಅಂದಿನ ಶಾಸ್ತ್ರಸಮ್ಮತ ಅಭಿಪ್ರಾಯಕ್ಕೆ ತೀರ ವಿರುದ್ಧವಾದುದನ್ನು ಕಲಿಯುವವರ ಮೇಲೆ ಹೇರಬಾರದು ಎಂಬುದು ಅವರ ಧೋರಣೆಯಾಗಿತ್ತು. ೧೯೬೩ರಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಅವರು ಈ ಇತಿಹಾಸವನ್ನೆಲ್ಲ ಬರೆದಾಗ, ಓದುಗರು ಸಹಜವಾಗಿ ನಿರೀಕ್ಷಿಸಬಹುದಾಗಿದ್ದ ದೂರು ಅಲ್ಲಿರಲಿಲ್ಲ. ತಮ್ಮನ್ನು ತಿರಸ್ಕರಿಸಿದ ಸಂಪ್ರದಾಯಬದ್ಧತೆಯನ್ನೇ ಅವರು ಸಮರ್ಥಿಸಿದರು. ಬಂದ ಹೊಸ ಮಾತನ್ನೆಲ್ಲ ಬಾಗಿಲು ತೆರೆದು ಬರಮಾಡಿಕೊಂಡರೆ ವಿಜ್ಞಾನ ಹುಚ್ಚು ಊಹೆಗಳ ಸಂತೆಯಾಗುತ್ತದೆ. ಯಾವುದು ಸಂಭಾವ್ಯ, ಯಾವುದಲ್ಲ ಎಂಬ ವಿವೇಚನೆ ವಿಜ್ಞಾನಿಗಳ ಸಮುದಾಯಕ್ಕೆ ಇರಲೇಬೇಕು. ಆ ವಿವೇಚನೆ ಕೆಲವೊಮ್ಮೆ ತಪ್ಪುತ್ತದೆ, ಆ ಅಪಾಯವನ್ನು ಹೊರಲೇಬೇಕು ಎಂದರು. ತನಗಾದ ಅನ್ಯಾಯದಿಂದ ಕಹಿಯಾಗದೆ ಅದರಿಂದ ಒಂದು ತತ್ತ್ವವನ್ನು ಕಡೆದು ತೆಗೆಯುವುದು ಸಾಮಾನ್ಯರಿಗೆ ಸಾಧ್ಯವಾಗುವಂಥದಲ್ಲ.

ಇಷ್ಟಕ್ಕೂ ರಸಾಯನವಿಜ್ಞಾನದಲ್ಲಿ ಅವರ ಕೀರ್ತಿಗೆ ಕೊರತೆಯಿರಲಿಲ್ಲ. ರಾಸಾಯನಿಕ ಕ್ರಿಯೆಗಳ ವೇಗವನ್ನು ಕುರಿತ ಅವರ ಕೆಲಸ ಇಂದಿಗೂ ಪಠ್ಯಗಳಲ್ಲಿದೆ. ಬರ್ಲಿನಿನಲ್ಲಿ ಅವರ ಶಿಷ್ಯರಾಗಿದ್ದ ಯೂಜೀನ್ ವಿಗ್ನರ್, ಮ್ಯಾಂಚೆಸ್ಟರಿನಲ್ಲಿ ಅವರೊಡನೆ ದುಡಿದ ಮೆಲ್ವಿನ್ ಕಾಲ್ವಿನ್ ಇಬ್ಬರೂ ಮುಂದೆ ನೊಬೆಲ್ ಪಾರಿತೋಷಕ ಪಡೆದರು. ಮಗ ಜಾನ್ ಪೊಲಾನ್ಯಿಯವರಿಗೂ ೧೯೮೬ರಲ್ಲಿ ರಸಾಯನವಿಜ್ಞಾನದ ನೊಬೆಲ್ ದೊರೆಯಿತು. ೧೯೩೩ರಲ್ಲಿ ಹಿಟ್ಲರನ ಆಡಳಿತ ಯೆಹೂದಿ ವಿದ್ವಾಂಸರನ್ನು ಸ್ಥಾನಗಳಿಂದ ಕಿತ್ತೊಗೆಯತೊಡಗಿದಾಗ ಪೊಲಾನ್ಯಿಯವರು ರಾಜೀನಾಮೆಯಿತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದರು.

ಎರಡು ವರ್ಷಗಳ ತರುವಾಯ, ೧೯೩೫ರಲ್ಲಿ, ಮಾಸ್ಕೋ ನಗರದಲ್ಲಿ ಅವರು ಬುಖಾರಿನನನ್ನು ಕಂಡು ಮಾತನಾಡಿದರು. ಸತ್ಯಕ್ಕಾಗಿಯೇ ಸತ್ಯವನ್ನರಸುವ ಶುದ್ಧವಿಜ್ಞಾನವೆಂಬುದು ವರ್ಗಸಮಾಜದ ಒಂದು ರೋಗಲಕ್ಷಣ, ಸಮಾಜವಾದದಲ್ಲಿ ಅದು ಮಾಯವಾಗುತ್ತದೆ, ವಿಜ್ಞಾನಿಗಳ ಆಸಕ್ತಿ ತಾನಾಗಿಯೇ ಪಂಚವಾರ್ಷಿಕ ಯೋಜನೆಯ ಸಮಸ್ಯೆಗಳತ್ತ ಹರಿಯುತ್ತದೆ ಎಂಬುದು ಬುಖಾರಿನನ ಅಭಿಪ್ರಾಯವಾಗಿತ್ತು. ಮೂರು ವರ್ಷಗಳಲ್ಲಿ ಬುಖಾರಿನನನ್ನೇ ಅವನ ಪಕ್ಷ ಗುಂಡಿಟ್ಟು ಕೊಲ್ಲಿಸಿತು. ತಳಿವಿಜ್ಞಾನಿ ನಿಕೊಲಾಯ್ ವಾವಿಲೋವ್ ೧೯೪೦ರಲ್ಲಿ ಬಂಧಿತರಾಗಿ, ೧೯೪೩ರಲ್ಲಿ ಸರಾತೋವ್ ಸೆರೆಮನೆಯಲ್ಲಿ ಅಸುನೀಗಿದರು. ಅವರನ್ನು ವಿರೋಧಿಸಿದ ಲೈಸೆಂಕೋನ ಹುಸಿವಿಜ್ಞಾನ ೧೯೪೮ರಲ್ಲಿ ಅಧಿಕೃತ ಸಿದ್ಧಾಂತವಾಯಿತು. ವಿಚಿತ್ರವೆಂದರೆ, ವಿಜ್ಞಾನಕ್ಕೆ ರಾಷ್ಟ್ರದ ಯೋಜನೆಯ ಮೂಗುದಾರ ಬೇಕೆಂಬ ವಾದ ಇಂಗ್ಲೆಂಡಿನಲ್ಲಿಯೂ ಪ್ರಬಲವಾಗಿತ್ತು. ೧೯೩೯ರಲ್ಲಿ ಬಂದ ಜೆ. ಡಿ. ಬರ್ನಾಲರ ಗ್ರಂಥ ಅದರ ಮುಖ್ಯ ಪ್ರಣಾಳಿಕೆ. ಅದಕ್ಕೆ ಎದುರಾಗಿ ಪೊಲಾನ್ಯಿಯವರು ಪ್ರಾಣಿವಿಜ್ಞಾನಿ ಜಾನ್ ಬೇಕರ್ ಮೊದಲಾದವರೊಡನೆ ೧೯೪೦ರಲ್ಲಿ ವಿಜ್ಞಾನಸ್ವಾತಂತ್ರ್ಯದ ಸಂಘವನ್ನು ಸ್ಥಾಪಿಸಿದರು.

ಆದರೆ ಸಂಘ ಕಟ್ಟಿದ ಮಾತ್ರಕ್ಕೆ ಪ್ರಶ್ನೆ ಬಗೆಹರಿಯಲಿಲ್ಲ. ಜ್ಞಾನವೆಲ್ಲ ನಿಯಮಗಳ ರೂಪದಲ್ಲಿ ಬರೆದಿಡಬಹುದಾದುದೇ ಆಗಿದ್ದರೆ, ಆ ನಿಯಮಗಳನ್ನು ಕೈಗೆತ್ತಿಕೊಂಡ ಸರಕಾರ ವಿಜ್ಞಾನಿಗೆ ಅಪ್ಪಣೆ ಕೊಡುವುದರಲ್ಲಿ ತಪ್ಪೇನು? ಇನ್ನೂ ಆಳದ ಪ್ರಶ್ನೆ ಒಂದಿತ್ತು. ಸಾಧಿಸಿ ತೋರಿಸಲಾಗದುದನ್ನೆಲ್ಲ ಒಲ್ಲೆನೆಂಬ ಸಂಶಯವಾದ ಸತ್ಯ, ನ್ಯಾಯ, ದಯೆಗಳನ್ನೂ ನಿರಾಧಾರವೆನ್ನಬೇಕಾಗುತ್ತದೆ. ಆದರೂ ಮನುಷ್ಯನ ನೈತಿಕ ಆವೇಶ ಬತ್ತುವುದಿಲ್ಲ. ನೀತಿಯ ಹೆಸರು ಹೇಳಲು ನಾಚುವ ಆ ಆವೇಶ ಹಿಂಸೆಯ ರಾಜಕೀಯದಲ್ಲಿ ಹೊರದಾರಿ ಹುಡುಕುತ್ತದೆ. ಇದನ್ನು ಅವರು ನೈತಿಕ ವಿಪರ್ಯಾಸವೆಂದು ಕರೆದರು. ೧೯೫೬ರಲ್ಲಿ ತಮ್ಮ ತಾಯ್ನಾಡಿನ ಲೇಖಕರು, ಅದುವರೆಗೆ ಪಕ್ಷಕ್ಕೆ ನಿಷ್ಠರಾಗಿದ್ದವರೇ, ಸತ್ಯವನ್ನಾಡುವ ಹಕ್ಕಿಗಾಗಿ ಎದ್ದು ನಿಂತದ್ದನ್ನು ಅವರು ಈ ದೃಷ್ಟಿಯಿಂದಲೇ ೧೯೬೬ರ ಒಂದು ಪ್ರಬಂಧದಲ್ಲಿ ವಿವೇಚಿಸಿದ್ದಾರೆ.

೧೯೪೮ರಲ್ಲಿ ಅವರು ರಸಾಯನವಿಜ್ಞಾನದ ಪೀಠವನ್ನು ಬಿಟ್ಟು ಅದೇ ವಿಶ್ವವಿದ್ಯಾಲಯದಲ್ಲಿ ಸಮಾಜಾಧ್ಯಯನದ ಪೀಠಕ್ಕೆ ಬಂದರು. ೧೯೫೧–೫೨ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ನೀಡಿದ ಗಿಫರ್ಡ್ ಉಪನ್ಯಾಸಗಳನ್ನು ಬೆಳೆಸಿ ೧೯೫೮ರಲ್ಲಿ 'ಪರ್ಸನಲ್ ನಾಲೆಜ್' ಎಂಬ ಮಹಾಗ್ರಂಥವನ್ನು ಪ್ರಕಟಿಸಿದರು. ೧೯೬೬ರಲ್ಲಿ 'ದಿ ಟಾಸಿಟ್ ಡೈಮೆನ್ಷನ್' ಎಂಬ ಚಿಕ್ಕ ಹೊತ್ತಗೆ ಬಂತು. ಮೊದಲ ಸಲ ಓದುವವರಿಗೆ ಈ ಚಿಕ್ಕದೇ ಮೇಲು. ದೊಡ್ಡದು ಕಾಡಿನಂತೆ ಹಬ್ಬಿದೆ.

ಮನುಷ್ಯ ತಾನು ಹೇಳಬಲ್ಲುದಕ್ಕಿಂತ ಹೆಚ್ಚನ್ನು ಬಲ್ಲ. ಇದು ಅವರ ಮೂಲಸಿದ್ಧಾಂತ. ಹೇಳಲು ಬಾರದ ಈ ಜ್ಞಾನವನ್ನು ಇಲ್ಲಿ ಅನುಕ್ತಜ್ಞಾನವೆಂದು ಕರೆಯಬಹುದು. ಬೈಸಿಕಲ್ಲಿನ ದೃಷ್ಟಾಂತ ಪ್ರಸಿದ್ಧವಾದುದು. ಸವಾರ ಒಂದು ಕಡೆಗೆ ವಾಲಿದಾಗ ಬೀಳದಿರಬೇಕಾದರೆ ಅದೇ ಕಡೆಗೆ ಚಕ್ರವನ್ನು ತಿರುಗಿಸಬೇಕು. ವಾಲಿದ ಕೋನ ಒಂದೇ ಆಗಿರುವಾಗ ತಿರುವಿನ ಬಾಗು ವೇಗದ ವರ್ಗಕ್ಕೆ ವಿಲೋಮ ಪ್ರಮಾಣದಲ್ಲಿರಬೇಕು. ಈ ಸೂತ್ರವನ್ನು ಬಾಯಿಪಾಠ ಮಾಡಿದವನು ಬೀಳದೆ ಇರಲಾರ. ಸವಾರಿ ಬಲ್ಲ ಹುಡುಗ ಸೂತ್ರವನ್ನು ಕೇಳಿಯೇ ಇರುವುದಿಲ್ಲ. ಹಂಗೇರಿಯಲ್ಲಿ ಅವರು ಕಣ್ಣಾರೆ ಕಂಡ ಇನ್ನೊಂದು ಸಂಗತಿ: ವಿದ್ಯುದ್ದೀಪದ ಗಾಜಿನ ಬುರುಡೆಯನ್ನು ಊದುವ ಯಂತ್ರವೊಂದನ್ನು ಹೊರಗಿನಿಂದ ತರಿಸಿದ್ದರು. ಅದರ ತದ್ರೂಪು ಯಂತ್ರ ಜರ್ಮನಿಯಲ್ಲಿ ಸುಸೂತ್ರವಾಗಿ ನಡೆಯುತ್ತಿತ್ತು. ಇಲ್ಲಿಯಾದರೋ ಇಡೀ ಒಂದು ವರ್ಷ ಕುಂದಿಲ್ಲದ ಒಂದೇ ಒಂದು ಬುರುಡೆಯೂ ಹೊರಬರಲಿಲ್ಲ. ಯಂತ್ರ ಬಂದಿತ್ತು, ಅದನ್ನು ನಡೆಸುವವರ ಕೈ ಬಂದಿರಲಿಲ್ಲ. ಇಟಲಿಯ ಸ್ಟ್ರಾಡಿವಾರಿ ಎಂಬ ಕುಶಲಕರ್ಮಿ ಎರಡು ಶತಮಾನಗಳ ಹಿಂದೆ ದಿನನಿತ್ಯದ ಕೆಲಸವಾಗಿ ಮಾಡಿಟ್ಟ ಪಿಟೀಲುಗಳನ್ನು ಸೂಕ್ಷ್ಮದರ್ಶಕ, ರಸಾಯನ, ಗಣಿತಗಳೆಲ್ಲ ಸೇರಿ ಮತ್ತೆ ಮಾಡಲು ಹೆಣಗುತ್ತಿರುವುದನ್ನೂ ಅವರು ನೆನೆಯುತ್ತಾರೆ.

ವೈದ್ಯ ವಿದ್ಯಾರ್ಥಿ ಎದೆಯ ಕ್ಷ-ಕಿರಣ ಚಿತ್ರವನ್ನು ಮೊದಲ ಸಲ ನೋಡಿದಾಗ ಅವನಿಗೆ ಕಾಣುವುದು ಪಕ್ಕೆಲುಬುಗಳ ನೆರಳು, ನಡುನಡುವೆ ಒಂದಷ್ಟು ಮಬ್ಬು. ಪಕ್ಕದಲ್ಲಿ ನಿಂತ ತಜ್ಞ ಏನೇನನ್ನೋ ತೋರಿಸಿ ಹೇಳುತ್ತಾನೆ; ಅದೆಲ್ಲ ಅವನ ಕಲ್ಪನೆಯೆಂದು ವಿದ್ಯಾರ್ಥಿಗೆ ತೋರುತ್ತದೆ. ಕೆಲವು ವಾರ ಹೊಸ ಹೊಸ ಚಿತ್ರಗಳನ್ನು ನೋಡುತ್ತ ಕೇಳುತ್ತ ಹೋದಂತೆ ಪಕ್ಕೆಲುಬುಗಳು ಮರೆಯಾಗಿ ಶ್ವಾಸಕೋಶ ಮೆಲ್ಲನೆ ಕಣ್ಣಿಗೆ ತೆರೆಯುತ್ತದೆ. ಮಾತು ಅರ್ಥವಾದುದೂ ಚಿತ್ರ ಕಂಡುದೂ ಒಟ್ಟಿಗೇ ಆಗುತ್ತದೆ. ಕಾಣುವ ಮೊದಲೇ ನಂಬಿ ನೋಡಬೇಕಾಯಿತು ಎಂಬುದು ಇಲ್ಲಿಯ ಸೂಕ್ಷ್ಮ.

ಇದು ಹೇಗೆ ನಡೆಯುತ್ತದೆಂಬುದಕ್ಕೆ ಪೊಲಾನ್ಯಿಯವರು ಅರಿವಿನಲ್ಲಿ ಎರಡು ಬಗೆಗಳನ್ನು ಗುರುತಿಸುತ್ತಾರೆ. ಮೊಳೆ ಹೊಡೆಯುವವನ ಗಮನ ಮೊಳೆಯ ಮೇಲಿರುತ್ತದೆ; ಅಂಗೈಯಲ್ಲಿ ಸುತ್ತಿಗೆಯ ಹಿಡಿ ಒತ್ತುವ ಅನುಭವವೂ ಅವನಿಗೆ ಇರುತ್ತದೆ, ಆದರೆ ಅದು ಮೊಳೆಯ ಕಡೆಗೆ ಸಾಗುವ ಆಸರೆಯಾಗಿ. ಮೊದಲನೆಯದು ಗುರಿಯ ಅರಿವು, ಎರಡನೆಯದು ಆಸರೆಯ ಅರಿವು. ಕುರುಡನು ಊರುಗೋಲಿನಿಂದ ದಾರಿ ತಡವುವಾಗ ಕೋಲು ಅವನ ದೇಹದ ಭಾಗವೇ ಆಗುತ್ತದೆ. ಅವನು ಅದರ ತುದಿಯಲ್ಲಿ ನೆಲವನ್ನು ಮುಟ್ಟುತ್ತಾನೆ. ಆಸರೆಯನ್ನೇ ಗುರಿಯನ್ನಾಗಿ ಮಾಡಿಕೊಂಡರೆ ಕೆಲಸ ಕೆಡುತ್ತದೆ. ಪಿಯಾನೊ ವಾದಕ ತನ್ನ ಬೆರಳುಗಳನ್ನೇ ನೋಡತೊಡಗಿದರೆ ನುಡಿಸಲಾರ. ಪರಿಕರಗಳಲ್ಲಿ, ಭಾಷೆಯಲ್ಲಿ, ಸಿದ್ಧಾಂತಗಳಲ್ಲಿ ನಾವು ಹೀಗೆ ಒಳಹೊಕ್ಕು ನೆಲಸಿ ಲೋಕವನ್ನು ಅರಿಯುತ್ತೇವೆ. ಭೌತವಿಜ್ಞಾನಿ ತನ್ನ ಸಿದ್ಧಾಂತವನ್ನು ಬಳಸುವುದೂ ಕುರುಡನು ಕೋಲನ್ನು ಬಳಸುವುದೂ ಈ ಮಟ್ಟಿಗೆ ಒಂದೇ ಜಾತಿಯ ಕ್ರಿಯೆಗಳು.

ಹೀಗಿದ್ದ ಮೇಲೆ ಕೌಶಲವನ್ನು ಬರವಣಿಗೆಯಿಂದ ದಾಟಿಸಲಾಗದು. ಬಲ್ಲವನ ಬಳಿಯಿದ್ದು, ಅವನನ್ನು ನಂಬಿ, ಅವನು ಮಾಡಿದಂತೆ ಮಾಡುತ್ತ ಕಲಿಯಬೇಕು. ಗುರುವಿಗೇ ಗೊತ್ತಿಲ್ಲದ ಕಟ್ಟಳೆಗಳೂ ಆಗ ಶಿಷ್ಯನಿಗೆ ಸಂಕ್ರಮಿಸುತ್ತವೆ. ಗುರುಪಥವನ್ನು ಬಲ್ಲ ಓದುಗರಿಗೆ ಇಲ್ಲಿ ಪರಿಚಿತವಾದ ದನಿಯೊಂದು ಕೇಳಿಸದಿರದು. ನುಲಿಯ ಚಂದಯ್ಯನ ಹಗ್ಗ, ಮೇದರ ಕೇತಯ್ಯನ ಬುಟ್ಟಿ ನೆನಪಾದರೂ ಆಶ್ಚರ್ಯವಿಲ್ಲ. ಆದರೆ ಪಾಶ್ಚಾತ್ಯನೊಬ್ಬ ಹೇಳಿದುದನ್ನು ನಮ್ಮವರು ಎಂಟುನೂರು ವರ್ಷಗಳ ಹಿಂದೆಯೇ ಹೇಳಿಬಿಟ್ಟಿದ್ದರೆಂದು ಬೀಗುವ ಚಪಲ ಲೇಖನಗಳಲ್ಲಿ ಹೆಚ್ಚಾಗಿದೆ. ಅದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ. ಶರಣರು ಹುಡುಕಿದ್ದು ಬಿಡುಗಡೆಯ ದಾರಿಯನ್ನು. ಪೊಲಾನ್ಯಿಯವರು ಹುಡುಕಿದ್ದು ಪ್ರಯೋಗಶಾಲೆಯಲ್ಲಿ ಸತ್ಯ ದೊರಕುವ ಬಗೆಯನ್ನು. ಕಲಿಕೆಯ ರೀತಿಯಲ್ಲಿ ಹೋಲಿಕೆಯಿದೆ ಎಂಬಷ್ಟಕ್ಕೆ ನಿಲ್ಲುವುದು ಉಚಿತ.

ಈ ದರ್ಶನಕ್ಕೆ ಎದುರಾಗುವ ದೊಡ್ಡ ಆಕ್ಷೇಪ ಯಾವುದೆಂಬುದು ಸ್ಪಷ್ಟವೇ ಇದೆ. ಅರಿವಿನ ತಳದಲ್ಲಿ ನಂಬಿಕೆಯಿದೆಯೆಂದ ಮೇಲೆ ಮೂಢನಂಬಿಕೆಗೂ ವಿಜ್ಞಾನಕ್ಕೂ ಭೇದವೇನು? ಪೊಲಾನ್ಯಿಯವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ. ಆಫ್ರಿಕದ ಅಜಾಂಡೆ ಜನರ ಮಾಟದ ನಂಬಿಕೆಗಳನ್ನು ಕುರಿತು ಇವಾನ್ಸ್-ಪ್ರಿಚರ್ಡ್ ಮಾಡಿದ ಅಧ್ಯಯನವನ್ನೆತ್ತಿಕೊಂಡು, ಎದುರುಸಾಕ್ಷ್ಯಗಳನ್ನೆಲ್ಲ ಆ ನಂಬಿಕೆ ಒಂದೊಂದಾಗಿ ಹೇಗೆ ನುಂಗಿಹಾಕುತ್ತದೆಂದು ತೋರಿಸಿದರು. ವಿಜ್ಞಾನವೂ ಎಷ್ಟೋ ವೇಳೆ ಹಾಗೆಯೇ ನಡೆದುಕೊಳ್ಳುತ್ತದೆ ಎಂದೂ ಒಪ್ಪಿಕೊಂಡರು. ೧೯೨೫ರ ಡಿಸೆಂಬರಿನಲ್ಲಿ ಡೇಟನ್ ಮಿಲ್ಲರರು ಅಮೆರಿಕದ ಭೌತವಿಜ್ಞಾನ ಸಂಘದ ಅಧ್ಯಕ್ಷಸ್ಥಾನದಿಂದಲೇ, ಸಾಪೇಕ್ಷತಾ ಸಿದ್ಧಾಂತಕ್ಕೆ ವಿರುದ್ಧವಾದ ತಮ್ಮ ಸಾವಿರಾರು ಅಳತೆಗಳನ್ನು ಮುಂದಿಟ್ಟರು. ಭೌತವಿಜ್ಞಾನಿಗಳು ಸಿದ್ಧಾಂತವನ್ನು ಬಿಡಲಿಲ್ಲ, ಅಳತೆಗಳನ್ನೇ ಪಕ್ಕಕ್ಕಿಟ್ಟರು. ೧೯೫೫ರಲ್ಲಿ ಮಾತ್ರ ಆ ಅಳತೆಗಳಿಗೆ ಉಷ್ಣತೆಯ ಏರುಪೇರು ಕಾರಣವೆಂಬ ವಿವರಣೆ ಬಂತು. ಮೂವತ್ತು ವರ್ಷ ಅವರನ್ನು ನಡೆಸಿದ್ದು ಸಾಕ್ಷ್ಯವಲ್ಲ, ಸಿದ್ಧಾಂತದ ಸೊಬಗಿನಲ್ಲಿ ಅವರಿಗಿದ್ದ ವಿಶ್ವಾಸ.

ಪೊಲಾನ್ಯಿಯವರ ಸಮಾಧಾನ ಹೀಗಿದೆ: ಅರಿಯುವವನು ತನ್ನ ಮಾತನ್ನು ತನಗೆ ಹಿತವೆಂದು ಹಿಡಿಯುವುದಿಲ್ಲ, ಅದು ಎಲ್ಲರಿಗೂ ಸತ್ಯವೆಂಬ ಹೊಣೆಯಿಂದ ಹಿಡಿಯುತ್ತಾನೆ, ತಪ್ಪಾಗಬಹುದೆಂಬುದನ್ನು ಬಲ್ಲನು, ಆದರೂ ತನ್ನನ್ನು ಅದಕ್ಕೆ ಕಟ್ಟಿಕೊಳ್ಳುತ್ತಾನೆ. ಆ ಹೊಣೆಯನ್ನು ಅಕ್ಕಪಕ್ಕದ ಕ್ಷೇತ್ರಗಳ ಸಹೋದ್ಯೋಗಿಗಳು ಪರಸ್ಪರ ಒರೆಗೆ ಹಚ್ಚುತ್ತಿರುತ್ತಾರೆ. ೧೯೬೨ರಲ್ಲಿ ಬರೆದ ಲೇಖನವೊಂದರಲ್ಲಿ ಅವರು ಈ ವ್ಯವಸ್ಥೆಯನ್ನು ವಿಜ್ಞಾನದ ಗಣರಾಜ್ಯವೆಂದು ಕರೆದರು. ಅದೇ ವರ್ಷ ಥಾಮಸ್ ಕೂನರು ವೈಜ್ಞಾನಿಕ ಕ್ರಾಂತಿಗಳನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಪೊಲಾನ್ಯಿಯವರನ್ನು ನೆನೆದರು. ಈ ಸಮಾಧಾನ ಪೂರ್ಣವಾದುದೆಂದು ಹೇಳಲಾಗದು. ಗಣರಾಜ್ಯದ ಹೊರಗೆ ನಿಲ್ಲಿಸಲ್ಪಟ್ಟವನು, ಕುಲದಿಂದಲೋ ಬಡತನದಿಂದಲೋ ಬಾಗಿಲಲ್ಲೇ ತಡೆಯಲ್ಪಟ್ಟವನು, ಯಾರ ಮುಂದೆ ತನ್ನ ಸತ್ಯವನ್ನು ಇಡಬೇಕು? ಅಧಿಶೋಷಣೆಯ ಪ್ರಕರಣದಲ್ಲಿ ಪೊಲಾನ್ಯಿಯವರಿಗೆ ಕಾಯುವ ಅನುಕೂಲವಿತ್ತು, ಎಲ್ಲರಿಗೂ ಅದಿರುವುದಿಲ್ಲ. ಈ ಪ್ರಶ್ನೆಗೆ ಅವರ ಗ್ರಂಥಗಳಲ್ಲಿ ತೃಪ್ತಿಕರ ಉತ್ತರ ಸಿಗುವುದಿಲ್ಲ.

ಜೀವನದ ಕೊನೆಯ ಹತ್ತು ವರ್ಷಗಳಲ್ಲಿ ಅವರ ಗಮನ ಕಲೆಯತ್ತ ಹರಿಯಿತು. ರೋಮಿನ ಸಂತ ಇಗ್ನೇಷಿಯಸ್ ದೇವಾಲಯದ ಕಮಾನುಛಾವಣಿಯ ಮೇಲೆ ಆಂದ್ರೆಯಾ ಪೊತ್ಸೊ ಎಂಬ ಚಿತ್ರಕಾರ ಹದಿನೇಳನೆಯ ಶತಮಾನದ ಕೊನೆಯಲ್ಲಿ ಬರೆದ ಚಿತ್ರವೊಂದಿದೆ. ನೆಲದ ಒಂದು ಗೊತ್ತಾದ ಬಿಂದುವಿನಲ್ಲಿ ನಿಂತು ನೋಡಿದರೆ ಗೋಡೆಗಳು, ಕಂಬಗಳು ಮುಗಿಲಿನವರೆಗೆ ನೆಟ್ಟಗೆ ಏರಿದಂತೆ ಕಾಣುತ್ತವೆ. ಆ ಬಿಂದುವಿನಿಂದ ಆಚೀಚೆ ಸರಿದರೆ ಕಂಬಗಳೆಲ್ಲ ವಾಲಿ ಬೀಳುವಂತಾಗುತ್ತವೆ. ಗೋಡೆಗೆ ತೂಗುಹಾಕಿದ ಸಾಧಾರಣ ಚಿತ್ರವನ್ನಾದರೋ ಯಾವ ಮೂಲೆಯಿಂದ ನೋಡಿದರೂ ಹೀಗಾಗುವುದಿಲ್ಲ. ಏಕೆ? ದೃಷ್ಟಿವಿಜ್ಞಾನಿ ಪಿರೆನ್ ಅವರ ೧೯೭೦ರ ಗ್ರಂಥವನ್ನು ಆಧರಿಸಿ ಪೊಲಾನ್ಯಿಯವರು ಕೊಟ್ಟ ಉತ್ತರ ಇದು: ಸಾಧಾರಣ ಚಿತ್ರವನ್ನು ನೋಡುವಾಗ ಅದರ ಬಟ್ಟೆಯ ಚಪ್ಪಟೆತನ, ಬಣ್ಣದ ಬಳಿತ ನಮ್ಮ ಆಸರೆಯ ಅರಿವಿನಲ್ಲಿ ಇದ್ದೇ ಇರುತ್ತವೆ, ಆಳವುಳ್ಳ ದೃಶ್ಯ, ಚಪ್ಪಟೆ ಬಟ್ಟೆ ಎಂಬ ಪರಸ್ಪರ ಒಗ್ಗದ ಎರಡನ್ನು ಮನಸ್ಸು ಒಂದುಗೂಡಿಸುತ್ತದೆ. ನಿಸರ್ಗದಲ್ಲಿ ಎಲ್ಲಿಯೂ ಇಲ್ಲದ ಒಂದು ಅರ್ಥ ಆಗ ಹುಟ್ಟುತ್ತದೆ. ಛಾವಣಿಯ ಚಿತ್ರದಲ್ಲಿ ಆ ಚಪ್ಪಟೆತನ ಕಣ್ಣಿಗೆ ಸಿಗದು, ಆದುದರಿಂದ ಅದು ಭ್ರಮೆಯಾಗುತ್ತದೆ. ಭ್ರಮೆ ಬೇಗ ಒಡೆಯುತ್ತದೆ. ಕಾವ್ಯದಲ್ಲಿ ಛಂದಸ್ಸು, ಪ್ರಾಸ, ನಾಟಕದಲ್ಲಿ ರಂಗದ ಚೌಕಟ್ಟು ಮಾಡುವ ಕೆಲಸವೂ ಇದೇ: ಕೃತಿಯನ್ನು ನಿತ್ಯಜೀವನದಿಂದ ಬೇರ್ಪಡಿಸಿ, ಬೇರ್ಪಡಿಸಿದುದರಿಂದಲೇ ಅದಕ್ಕೆ ಬಾಳಿಕೆ ಕೊಡುತ್ತವೆ. ವಿಜ್ಞಾನದಲ್ಲಿಯೂ ಕಲೆಯಲ್ಲಿಯೂ ಬಿಡಿಬಿಡಿಯಾದುದನ್ನು ಇಡಿಯಾಗಿ ಕಾಣುವ ಕಲ್ಪನೆಯೊಂದೇ. ವಿಜ್ಞಾನ ಕಂಡುದನ್ನು ಲೋಕಕ್ಕೆ ಒರೆಹಚ್ಚುತ್ತದೆ, ಕಲೆಯ ಕೃತಿ ತನ್ನೊಳಗೇ ನಿಲ್ಲುತ್ತದೆ.

ಕುರುಹನ್ನು ಕುರಿತ ಅವರ ವಿಚಾರ ಇನ್ನೂ ಸೂಕ್ಷ್ಮವಾದುದು. ಸುತ್ತಿಗೆಗೆ ನಾವು ಬೆಲೆ ಕೊಡುವುದು ಮೊಳೆಗಾಗಿ. ರಾಷ್ಟ್ರಧ್ವಜವಾದರೋ ಬರಿಯ ಬಟ್ಟೆ. ಅದಕ್ಕೆ ಬೆಲೆ ಬರುವುದು ನಾವು ಬಾಳಿನ ನೆನಪುಗಳನ್ನೆಲ್ಲ ಅದರಲ್ಲಿ ಸುರಿದುದರಿಂದ. ಹೀಗೆ ಸುರಿದುಕೊಂಡವನು ತಿರುಗಿ ಆ ಕುರುಹಿನಿಂದಲೇ ಸೆಳೆಯಲ್ಪಡುತ್ತಾನೆ, ಅಲ್ಲಲ್ಲಿ ಚದರಿದ್ದ ತನ್ನ ಬಾಳು ಒಂದೆಡೆ ಕೂಡಿದುದನ್ನು ಕಾಣುತ್ತಾನೆ. ಪರಿಕರವನ್ನು ಬಳಸುವವನು ತನ್ನ ಕೇಂದ್ರವಾಗಿ ತಾನು ಉಳಿಯುತ್ತಾನೆ. ಕುರುಹಿನ ಮುಂದೆ ತನ್ನನ್ನು ಒಪ್ಪಿಸಿಕೊಡುತ್ತಾನೆ.

ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನೆಡುವ ಸಾಧಕನಿಗೆ ಈ ಮಾತು ಹತ್ತಿರದ್ದೆನಿಸುವುದು ಸಹಜ. ವಚನಗಳಲ್ಲಿ ಕುರುಹು ಎಂಬ ಶಬ್ದವೂ, ಕುರುಹನ್ನೇ ಹಿಡಿದು ಅರಿವನ್ನು ಮರೆತವರ ಟೀಕೆಯೂ ಉಂಟು. ಆದರೆ ಅಂತರ ಚಿಕ್ಕದಲ್ಲ. ಪೊಲಾನ್ಯಿಯವರ ಧ್ವಜಕ್ಕೆ ಶಕ್ತಿಯನ್ನು ತುಂಬಿದವನು ಅದಕ್ಕೆ ವಂದಿಸುವ ಮನುಷ್ಯನೇ. ಇಷ್ಟಲಿಂಗವನ್ನಾದರೋ ಗುರುವು ಕರಸ್ಥಲಕ್ಕೆ ತಂದುಕೊಟ್ಟನೆಂದೂ, ಭಕ್ತನು ಅದಕ್ಕೆ ಬೆಲೆ ಕಟ್ಟಿದವನಲ್ಲ, ಪಡೆದವನೆಂದೂ ಶಾಸ್ತ್ರ ಹೇಳುತ್ತದೆ. ಮನುಷ್ಯಕಲ್ಪನೆಯ ಸೃಷ್ಟಿಯೊಂದೇ ಆಗಿದ್ದರೆ ಅದಕ್ಕೆ ಶರಣಾಗುವುದು ತನಗೆ ತಾನೇ ಶರಣಾದಂತೆ ಆಗುವುದಿಲ್ಲವೇ?

ಈ ಪ್ರಶ್ನೆ ಪೊಲಾನ್ಯಿಯವರ ಅನುಯಾಯಿಗಳಲ್ಲಿಯೇ ಎದ್ದಿತು. ೧೯೬೯ರಿಂದ ೧೯೭೧ರವರೆಗೆ ಟೆಕ್ಸಸ್, ಷಿಕಾಗೊ ವಿಶ್ವವಿದ್ಯಾಲಯಗಳಲ್ಲಿ ಅವರು ಕಲೆ, ಪುರಾಣ, ಧರ್ಮಗಳನ್ನು ಕುರಿತು ನೀಡಿದ ಉಪನ್ಯಾಸಗಳನ್ನು, ವೃದ್ಧಾಪ್ಯದಿಂದ ಅವರ ಶಕ್ತಿ ಕುಗ್ಗಿದ್ದಾಗ, ಹ್ಯಾರಿ ಪ್ರಾಶ್ ಎಂಬ ಅಮೆರಿಕದ ಪ್ರಾಧ್ಯಾಪಕರು ಅಣಿಗೊಳಿಸಿ ೧೯೭೫ರಲ್ಲಿ 'ಮೀನಿಂಗ್' ಎಂಬ ಹೆಸರಿನಿಂದ ಇಬ್ಬರ ಕೃತಿಯಾಗಿ ಹೊರತಂದರು. ಧರ್ಮವೂ ಕಲೆಯಂತೆ ಕಲ್ಪನೆಯ ಕೃತಿಯೆಂಬುದೇ ಪೊಲಾನ್ಯಿಯವರ ನಿಲುವೆಂದು ಪ್ರಾಶ್ ತಿಳಿದರು. ವಿಜ್ಞಾನಿ ಅರಸುವ ಸತ್ಯದಂತೆ ಭಕ್ತನು ಅರಸುವುದೂ ಮನುಷ್ಯನಿಗಿಂತ ಮೊದಲೇ ಇರುವಂಥದು ಎಂಬುದೇ ಅವರ ನಿಜವಾದ ಅಭಿಪ್ರಾಯವೆಂದು ಇತರರು ವಾದಿಸಿದರು. ಯಾವ ಪುಟಗಳಲ್ಲಿ ಪೊಲಾನ್ಯಿಯವರ ಕೈ, ಯಾವುವುಗಳಲ್ಲಿ ಪ್ರಾಶರ ಕೈ ಎಂಬ ಚರ್ಚೆಯೂ ಇದರೊಡನೆ ಬೆರೆತುಕೊಂಡಿತು. ತೀರ್ಪು ಕೊಡಬೇಕಾದವರು ೧೯೭೬ರ ಫೆಬ್ರುವರಿ ೨೨ರಂದೇ ನಾರ್ಥಾಂಪ್ಟನಿನಲ್ಲಿ ತೀರಿಕೊಂಡಿದ್ದರು.